ತಲೆ ಕಡೆಯ ಸರದಿ

ನಮ್ಮ ವಾರ್ಡಿಗೆ ಹೊಸದಾಗಿ ಸೇರಿದವರು ಮೊದಲ ದಿನ ಮುಟ್ಟುತ್ತಿದ್ದದ್ದು ರೋಗಿಯನ್ನಲ್ಲ, ಮಂಚದ ಬ್ರೇಕನ್ನು. ಮುಟ್ಟಿಸುತ್ತಿದ್ದವಳು ಅಕ್ಕ. ಗಾಲಿಯ ಪಕ್ಕದ ಕಬ್ಬಿಣದ ತುಂಡನ್ನು ಪಾದದಿಂದ ಒತ್ತಿ, ಟಕ್ ಎಂದು ಸದ್ದು ಬಂದ ಮೇಲೆ ಮಂಚವನ್ನು ಒಮ್ಮೆ ಅಲ್ಲಾಡಿಸಿ ನೋಡಬೇಕು. ಅದು ಅಲುಗದಿದ್ದರೆ ಮಾತ್ರ ಮುಂದಿನ ಮಾತು. ದಿನಕ್ಕೆ ಐವತ್ತು ಸಲ "ಬ್ರೇಕ್ ಹಾಕಿದ್ಯಾ?" ಎಂದು ಕೇಳಿ ಕೇಳಿ ಇಡೀ ಆಸ್ಪತ್ರೆಯಲ್ಲಿ ಅವಳ ಹೆಸರು ಬ್ರೇಕಕ್ಕ ಎಂದೇ ಆಗಿಹೋಗಿತ್ತು. ದೊಡ್ಡ ಡಾಕ್ಟರು ಎದುರಿಗೆ "ಏನಮ್ಮಾ" ಎನ್ನುತ್ತಿದ್ದರು, ಅತ್ತ ಹೋಗಿ ಬ್ರೇಕಕ್ಕ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. "ಅನ್ನಲಿ ಬಿಡು, ಹಾಗಾದ್ರೂ ಬ್ರೇಕ್ ನೆನಪಿರುತ್ತಲ್ಲ" ಎನ್ನುತ್ತಿದ್ದಳು.

ನಾನು ಹತ್ತೊಂಬತ್ತು ವರ್ಷ ಅವಳ ಜೋಡಿಯಾಗಿದ್ದೆ. ನಾವು ವಾರ್ಡಿನ ಆಯಾಗಳು. ರೋಗಿಗಳನ್ನು ಎತ್ತುವುದು, ಹೊರಳಿಸುವುದು, ಮಂಚದಿಂದ ಟ್ರಾಲಿಗೆ, ಟ್ರಾಲಿಯಿಂದ ಮಂಚಕ್ಕೆ ದಾಟಿಸುವುದು ನಮ್ಮ ಕೆಲಸ. ಇದನ್ನು ಬರೆಯುತ್ತಿರುವುದು ಅವಳನ್ನು ಹೊಗಳುವುದಕ್ಕಲ್ಲ. ಹೊಗಳಲು ಬೇಕಾದಷ್ಟು ಜನ ಇದ್ದಾರೆ. ಅವಳ ಸೊಂಟ ಹೇಗೆ ಹೋಯಿತು ಎಂದು ಸರಿಯಾಗಿ ಗೊತ್ತಿರುವವಳು ನಾನೊಬ್ಬಳೇ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮೊದಲ ದಿನ ಮೂಲೆಯಲ್ಲಿದ್ದ ನೀರಿನ ಬಕೆಟ್ ಎತ್ತಲು ಬಾಗಿದೆ. ಹಿಂದಿನಿಂದ, ಸುರುಳಿ ಸುತ್ತಿದ ಟವೆಲ್ಲಿನ ಏಟು ಸೊಂಟಕ್ಕೆ ಬಿತ್ತು. ನೋವಾಗುವಂಥ ಏಟಲ್ಲ, ಅವಮಾನವಾಗುವಂಥದ್ದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸರ್ರನೆ ತಿರುಗಿ ನಿಂತೆ.

"ಯಾರಪ್ಪನ ಗಂಟು ಅಂತ ಹಾಗೆ ಬಗ್ತಿದ್ದೀಯ?" ಎಂದಳು ಅಕ್ಕ.

"ನನ್ನ ಸೊಂಟ, ನನ್ನಿಷ್ಟ."

"ಹತ್ತು ವರ್ಷ ಆದ್ಮೇಲೂ ಇದೇ ಮಾತು ಹೇಳು, ಆಗ ಒಪ್ತೀನಿ. ಈಗ ಬಕೆಟ್ ಹತ್ರ ಹೋಗು. ಇನ್ನೂ ಹತ್ರ. ಅದೇನು ನಿನ್ನ ಕಚ್ಚಲ್ಲ. ಕಾಲು ಅಗಲ ಇಡು. ಮಂಡಿ ಬಗ್ಗಿಸು, ಬೆನ್ನಲ್ಲ. ಬಕೆಟ್ಟನ್ನ ಮೈಗೆ ಅಂಟಿಸ್ಕೋ. ಈಗ ಏಳು. ಎತ್ತೋ ಕೆಲಸ ತೊಡೇದು, ಸೊಂಟ ಸುಮ್ಮನೆ ಜೊತೇಲಿ ಬರಬೇಕು ಅಷ್ಟೇ."

ಎದ್ದೆ. ನಿಜಕ್ಕೂ ಹಗುರಾಗಿತ್ತು. ಅದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಮುಖ ಗಂಟು ಹಾಕಿಕೊಂಡು ಬಚ್ಚಲಿನ ಕಡೆ ತಿರುಗಿದೆ. ಎರಡನೇ ಏಟು ಬಿತ್ತು.

"ಸೊಂಟ ತಿರುಚಬೇಡ, ಪಾದ ತಿರುಗಿಸು. ಕಾಲು ಇರೋದು ಬರೀ ಚಪ್ಪಲಿ ಹಾಕ್ಕೊಳ್ಳೋಕಾ?"

ಮಧ್ಯಾಹ್ನ ಅವಳು ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತಳು. ಇಬ್ಬರ ಮೊಣಕೈಯನ್ನೂ ಮಡಿಸಿ ಒಂದಕ್ಕೊಂದು ಹೋಲಿಸಿದಳು. ವಾರ್ಡಿನಲ್ಲಿ ಜೋಡಿ ಕಟ್ಟುವುದಕ್ಕೆ ಅವಳದೇ ಅಳತೆ ಅದು. ತಲೆಗೆ ತಲೆ ಸಮ ಇದ್ದರೆ ಸಾಲದು, ಮೊಣಕೈಗೆ ಮೊಣಕೈ ಸಮ ಬರಬೇಕು. ಒಬ್ಬಳ ಕೈ ಮೇಲೆ, ಒಬ್ಬಳ ಕೈ ಕೆಳಗೆ ಇದ್ದರೆ ರೋಗಿ ಇಳಿಜಾರಿಗೆ ಸರಿಯುತ್ತಾನೆ, ಕೆಳಗಿನವಳ ಸೊಂಟ ಮುಗಿಯಿತು. ಅಲ್ಲಿಯವರೆಗೆ ಅವಳ ಅಳತೆಗೆ ಯಾರೂ ಸಿಕ್ಕಿರಲಿಲ್ಲವಂತೆ. ನನ್ನ ಮೊಣಕೈ ಅವಳದ್ದರ ಪಕ್ಕದಲ್ಲಿ ಗೆರೆ ಎಳೆದ ಹಾಗೆ ನಿಂತಿತು.

"ನೋಡೋಕೆ ಬೆಂಕಿಕಡ್ಡಿ ಹಾಗಿದ್ದೀಯ, ಉರಿಯೋದೂ ಹಾಗೇ" ಎಂದಳು. "ಬಾ ಕಡ್ಡಿ, ಇನ್ಮೇಲೆ ನೀನು ನನ್ನ ಜೋಡಿ."

ಅಂದಿನಿಂದ ನನಗೂ ಹೆಸರು ಹೋಯಿತು, ಕಡ್ಡಿ ಉಳಿಯಿತು.

ಸೊಂಟದ ಮೇಲೆ ಅವಳಿಗೆ ಯಾಕಷ್ಟು ಹುಚ್ಚು ಎಂದು ಒಂದು ದಿನ ಕೇಳಿದೆ. ಬಟ್ಟೆ ಒಣಗಿಸುವ ಮಾಳಿಗೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆವು. ಅವಳ ತಾಯಿ ಒಂದು ವಸತಿಗೃಹದಲ್ಲಿ ಚಾದರ ಒಗೆಯುತ್ತಿದ್ದವಳು. ಒದ್ದೆ ಚಾದರಗಳ ಮೂಟೆಯನ್ನು ಒಬ್ಬಳೇ ಎತ್ತಿ, ಒಬ್ಬಳೇ ಹಿಂಡಿ, ಒಬ್ಬಳೇ ಹೊತ್ತು ನಲವತ್ತೈದಕ್ಕೆಲ್ಲ ಸೊಂಟದಿಂದ ಮಡಿಸಿಹೋದಳಂತೆ.

"ಅಮ್ಮನ ಮುಖ ನೋಡ್ಬೇಕು ಅಂದ್ರೆ ನಾನು ನೆಲದ ಮೇಲೆ ಕೂತ್ಕೋಬೇಕಿತ್ತು ಕಣೇ" ಎಂದಳು ಅಕ್ಕ. "ಅವಳು ಬರೀ ನೆಲ ನೋಡ್ಕೊಂಡೇ ಹತ್ತು ವರ್ಷ ಬದುಕಿದ್ಳು. ಕೊನೆಗೆ ಮಲಗಿಸಿದಾಗಲೇ ಅವಳು ಸೂರು ನೋಡಿದ್ದು. ಯಾರಾದ್ರೂ ಒಬ್ಬರು ಇನ್ನೊಂದು ಕಡೆ ಹಿಡಿದಿದ್ರೆ ಸಾಕಿತ್ತು."

ಹೇಳಿ ಲೋಟ ತೊಳೆಯಲು ಎದ್ದಳು. ಆಮೇಲೆ ನಾನು ಆ ಹುಚ್ಚನ್ನು ಗೇಲಿ ಮಾಡಲಿಲ್ಲ.

ಅವಳ ಕಾಯಿದೆಗಳು ಬಹಳ ಇದ್ದವು. ಮಂಚವನ್ನು ತಿರುಪು ತಿರುಗಿಸಿ ಸೊಂಟದ ಮಟ್ಟಕ್ಕೆ ಏರಿಸದೆ ಕೈ ಹಾಕಬಾರದು. ಚಾದರ ಹಿಡಿದು ಜಾರಿಸಬಹುದಾದ ಕಡೆ ಎತ್ತಬಾರದು. ರೋಗಿಗೆ ಒಂದು ಕೈಯನ್ನಾದರೂ ಊರಲು ಆಗುತ್ತದೆಯೇ ಎಂದು ಕೇಳಬೇಕು, ಆದರೆ ನಮ್ಮ ಕತ್ತು ಹಿಡಿಯಲು ಬಿಡಬಾರದು. ಹೊತ್ತಿಗೊಮ್ಮೆ ನಾಲ್ಕು ಹೆಜ್ಜೆ ನಡೆಯಬೇಕು, ಕುಳಿತಲ್ಲೇ ಕುಳಿತರೂ ಸೊಂಟ ಹಿಡಿಯುತ್ತದೆ. ಒಬ್ಬಳೇ ಯಾವತ್ತೂ ಎತ್ತಬಾರದು, ಡಾಕ್ಟರು ಅಂದರೂ, ದೇವರೇ ಇಳಿದು ಬಂದು ಅಂದರೂ. ಎಣಿಸುವವಳು ಒಬ್ಬಳೇ ಇರಬೇಕು. ಅದು ಅವಳೇ. "ಒಂದು, ಎರಡು, ಹೂಂ." ಆ ಹೂಂಗೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು. ಒಂದೇ ಮೈಗೆ ನಾಲ್ಕು ಕೈ ಇದ್ದ ಹಾಗೆ ಅನಿಸುತ್ತಿತ್ತು ನನಗೆ.

ಈ ಎಲ್ಲ ಕಾಯಿದೆಗಳಿಗಿಂತ ದೊಡ್ಡದು ಟವೆಲ್ಲಿನ ಕಾಯಿದೆ. ರೋಗಿಯನ್ನು ಇಬ್ಬರು ಎತ್ತುವಾಗ ತಲೆ ಕಡೆ ಭಾರ ಹೆಚ್ಚು. ತಲೆ, ಭುಜ, ಎದೆ ಎಲ್ಲ ಆ ಕಡೆಯವಳ ಪಾಲಿಗೆ ಬರುತ್ತದೆ. ಕಾಲು ಕಡೆ ಅದರ ಅರ್ಧವೂ ಇಲ್ಲ. ಅದಕ್ಕೆ ಸರದಿ. ಯಾರ ಭುಜದ ಮೇಲೆ ಟವೆಲ್ ಇದೆಯೋ ಅವಳು ತಲೆ ಕಡೆ. ಎತ್ತಿ ಇಳಿಸಿದ ತಕ್ಷಣ ಟವೆಲ್ ತೆಗೆದು ಇನ್ನೊಬ್ಬಳ ಭುಜಕ್ಕೆ ಹಾಕಬೇಕು. ಮುಂದಿನ ರೋಗಿ ಹಗುರವೋ ಭಾರವೋ ಎಂದು ನೋಡುವ ಹಾಗಿಲ್ಲ, ನಿನ್ನೆ ಯಾರು ಹೆಚ್ಚು ಎತ್ತಿದರು ಎಂಬ ಜಗಳಕ್ಕೆ ಜಾಗವಿಲ್ಲ. ಹನ್ನೆರಡು ವರ್ಷ ಆ ಟವೆಲ್ ನಮ್ಮಿಬ್ಬರ ಭುಜದ ನಡುವೆ ಓಡಾಡಿತು. ಹರಿದರೆ ಇನ್ನೊಂದು ಬರುತ್ತಿತ್ತು. ಬೇರೆ ವಾರ್ಡಿನ ಆಯಾಗಳು ಮೂವತ್ತೈದಕ್ಕೇ ಮುಲಾಮು ಹಚ್ಚಿಕೊಂಡು, ಪಟ್ಟಿ ಬಿಗಿದುಕೊಂಡು ಬರುತ್ತಿದ್ದರು. ನಮ್ಮಿಬ್ಬರಿಗೆ ಸೊಂಟ ಅನ್ನುವುದೊಂದು ಇದೆ ಎಂಬುದೇ ಮರೆತುಹೋಗಿತ್ತು.

ಹದಿಮೂರನೇ ವರ್ಷ ನಾನು ಮನೆಯಲ್ಲಿ ಕಬ್ಬಿಣದ ಬೀರು ಎಳೆದೆ. ಅದರ ಹಿಂದೆ ಗೋಡೆಗೆ ನೀರಿಳಿದು ಬಟ್ಟೆಗಳಿಗೆ ಮುಗ್ಗಲು ವಾಸನೆ ಹಿಡಿದಿತ್ತು. ಸರಿಸೋಣ ಎಂದರೆ ನನ್ನ ಗಂಡ ಒಂದು ವಾರದಿಂದ "ನಾಳೆ ನೋಡೋಣ" ಎನ್ನುತ್ತಲೇ ಇದ್ದ. ಎಂಟನೇ ದಿನ ಅವನು ನಾಳೆ ಎಂದದ್ದೇ ತಡ, ನನಗೆ ತಲೆ ಕೆಟ್ಟಿತು. ಅವನ ಎದುರಿಗೇ, ಅವನಿಗೆ ಬುದ್ಧಿ ಕಲಿಸುವುದಕ್ಕೆಂದೇ, ಒಬ್ಬಳೇ ಬೀರುವನ್ನು ತಬ್ಬಿ ಎಳೆದೆ. ಮಂಡಿ ಬಗ್ಗಿಸಲಿಲ್ಲ. ಪಾದ ತಿರುಗಿಸಲಿಲ್ಲ. ಹದಿಮೂರು ವರ್ಷ ಕಲಿತದ್ದನ್ನು ಕೋಪ ಒಂದೇ ಉಸಿರಿಗೆ ನುಂಗಿತು. ಸೊಂಟದಲ್ಲಿ ಛಳಕ್ ಎಂದಿತು. ಬೀರು ಸರಿಯಿತು, ನಾನು ಅದನ್ನೇ ಹಿಡಿದುಕೊಂಡು ನಿಂತುಬಿಟ್ಟೆ.

ಮರುದಿನ ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೋದೆ. ಆಗಲೂ ನಾನು ಕಾಂಟ್ರಾಕ್ಟಿನವಳೇ. ಸೊಂಟ ಹಿಡಿದ ಆಯಾಗೆ ಎರಡನೇ ದಿನಕ್ಕೇ ಮನೆ ದಾರಿ ತೋರಿಸುತ್ತಾರೆ. ಯಾರಿಗೂ ಗೊತ್ತಾಗದ ಹಾಗೆ ನಡೆದೆ, ನಕ್ಕೆ, ಬಾಯಿ ಜೋರು ಮಾಡಿದೆ. ಆದರೆ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬಾಗಿ ಪಟ್ಟಿ ಬಿಚ್ಚಲಾಗದೆ, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿಯನ್ನು ತುಳಿದು ತೆಗೆದೆ. ಅಕ್ಕ ಅದನ್ನು ನೋಡಿದಳು.

ಮೊದಲ ರೋಗಿಯ ಸರದಿ ಅವಳದ್ದು. ಎತ್ತಿ ಇಳಿಸಿದೆವು. ಟವೆಲ್ ನನ್ನ ಭುಜಕ್ಕೆ ಬರಬೇಕಿತ್ತು. ಅವಳು ಅದನ್ನು ತೆಗೆದು, ಒದರಿ, ಮತ್ತೆ ತನ್ನ ಭುಜಕ್ಕೇ ಹಾಕಿಕೊಂಡಳು. ನಾನು ಅವಳ ಮುಖ ನೋಡಿದೆ.

"ಏನ್ ನೋಡ್ತಿದ್ದೀಯ? ಕಾಲು ಕಡೆ ಹಿಡಿ" ಎಂದಳು.

ಚಹಾ ಹೊತ್ತಿನಲ್ಲಿ ಮಾಳಿಗೆಯಲ್ಲಿ ಬೀರುವಿನ ಕಥೆ ಬಾಯಿ ಬಿಡಿಸಿ, ನನ್ನನ್ನು ಮಲಗಿಸಿ, ಮಂಡಿ ಮಡಿಸಿ ಎದೆಗೆ ತರುವುದನ್ನು ಕಲಿಸಿದಳು. ಹೆದರಿ ಹಾಸಿಗೆ ಹಿಡಿಯಬೇಡ, ಮೆಲ್ಲಗೆ ನಡೆಯುತ್ತಿರು ಎಂದಳು. ದಿನವೂ ಅದನ್ನೇ ಮಾಡಿಸಿದಳು. ಆರು ವಾರಕ್ಕೆ ನನ್ನ ನೋವು ಪೂರ್ತಿ ಹೋಯಿತು. ಮನೆಯಲ್ಲಿ ನೀರಿನ ಕೊಡ ಎತ್ತಿದೆ, ನೆಲ ಒರೆಸಿದೆ, ಎಲ್ಲೂ ಚುರುಕ್ ಎನ್ನಲಿಲ್ಲ. ಅಂದು ಖುಷಿಯಿಂದ ವಾರ್ಡಿಗೆ ಹೋದೆ. ಅಕ್ಕ ಟವೆಲ್ ಹಾಕಿಕೊಂಡು ನಿಂತಿದ್ದಳು.

"ಹೇಗಿದೆ ಈಗ?" ಎಂದು ಕೇಳಿದಳು.

ಇಲ್ಲಿ ನಾನು ನಿಜ ಹೇಳಬೇಕಿತ್ತು. ಒಂದು ಮಾತು. ಅಂದು ಹನ್ನೊಂದು ಜನರನ್ನು ಎಕ್ಸ್-ರೇಗೆ ಕಳಿಸುವುದಿತ್ತು. ಆರು ವಾರ ಕಾಲು ಕಡೆ ಹಿಡಿದು ಮೈಗೆ ಅದರ ರುಚಿ ಹತ್ತಿತ್ತು. ಸಂಜೆ ಮನೆಗೆ ಹೋದರೆ ಮೈಕೈ ಹಗುರವಾಗಿರುತ್ತಿತ್ತು, ಗಂಡನ ಮೇಲೆ ರೇಗುವುದೂ ಕಡಿಮೆಯಾಗಿತ್ತು. ಇವತ್ತೊಂದು ದಿನ ಇರಲಿ ಎಂದುಕೊಂಡೆ.

"ಒಂದೊಂದ್ಸಲ ಹಿಡ್ಕೊಳ್ಳುತ್ತೆ ಅಕ್ಕ" ಎಂದೆ.

"ಸರಿ, ಹಾಗಾದ್ರೆ ಇರಲಿ" ಎಂದಳು.

ಆ ಇವತ್ತೊಂದು ದಿನ ಆರು ವರ್ಷ ಆಯಿತು. ನಾನೇನು ಕೂತು ಲೆಕ್ಕ ಹಾಕಿ ಮೋಸ ಮಾಡಲಿಲ್ಲ. ಮೊದಮೊದಲು ನಾಳೆ ಹೇಳೋಣ ಎನ್ನುತ್ತಿದ್ದೆ, ಥೇಟ್ ನನ್ನ ಗಂಡನ ಹಾಗೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನನ್ನಲಿ ಎಂಬ ಅಳುಕು. ಆಮೇಲೆ ಅಳುಕೂ ಹೋಗಿ ಅದೇ ಅಭ್ಯಾಸವಾಯಿತು. ಎರಡು ಮೂರು ತಿಂಗಳಿಗೊಮ್ಮೆ ಅವಳು ಕೇಳುತ್ತಿದ್ದಳು, "ಹೇಗಿದೆ?" ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಇಡೀ ವಾರ್ಡಿಗೆ ಸರದಿ ಕಲಿಸಿದವಳು ತನ್ನ ಸರದಿಯ ಕಾಯಿದೆಯನ್ನು ನನ್ನೊಬ್ಬಳಿಗಾಗಿ ಮುರಿದಳು. ಹೊಸಬರಿಗೆ ಮಾತ್ರ, "ಒಂದೇ ಕಡೆ ಹಿಡೀಬೇಡಿ, ಸೊಂಟ ಹೋಗುತ್ತೆ" ಎಂದು ಗದರುತ್ತಿದ್ದಳು. ಅವರು ನಮ್ಮಿಬ್ಬರನ್ನು ನೋಡುತ್ತಿದ್ದರು. ನಾನು ಎತ್ತಲೋ ನೋಡುತ್ತಿದ್ದೆ.

ಐದನೇ ವರ್ಷದ ಹೊತ್ತಿಗೆ ಅಕ್ಕ ಮಂಚದ ಕಂಬಿ ಹಿಡಿದು ಏಳತೊಡಗಿದಳು. ಮೆಟ್ಟಿಲು ಹತ್ತುವಾಗ ಮಾತು ನಿಲ್ಲಿಸುತ್ತಿದ್ದಳು. ಮಾಳಿಗೆಗೆ ಚಹಾ ಕುಡಿಯಲು ಬರುವುದು ಬಿಟ್ಟಳು, ಬಿಸಿಲು ಜಾಸ್ತಿ ಎಂಬ ನೆಪ ಹೇಳಿ. ಎಡಗಾಲು ತುಸು ಎಳೆಯುತ್ತಿತ್ತು.

"ಕಾಲಿಗೇನಾಯ್ತು?" ಎಂದು ಕೇಳಿದೆ.

"ಹೊಸ ಚಪ್ಪಲಿ, ಕಚ್ತಾ ಇದೆ."

ಆ ಚಪ್ಪಲಿ ಹೊಸದಲ್ಲ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳುವವಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ಆದರೂ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಾಯಿ ಬಿಟ್ಟರೆ ಟವೆಲ್ಲಿನ ವಿಷಯ ಬರುತ್ತಿತ್ತು.

ಕೊನೆಯ ದಿನ ನಾವು ಎತ್ತಿದ್ದು ಒಬ್ಬ ನಿವೃತ್ತ ಡ್ರಿಲ್ ಮಾಸ್ತರನ್ನು. ಎತ್ತರದ, ಮೂಳೆ ದಪ್ಪದ ಅಜ್ಜ, ತೊಡೆ ಮುರಿದುಕೊಂಡು ಬಂದಿದ್ದವರು. ಬೆಳಿಗ್ಗೆ ಹತ್ತರ ಹೊತ್ತು. ಅಕ್ಕ ಎಲ್ಲ ಕ್ರಮದಂತೆ ಮಾಡಿದಳು. ಮಂಚ ಏರಿಸಿದಳು, ಎರಡೂ ಬ್ರೇಕು ಒತ್ತಿದಳು, ಅಲ್ಲಾಡಿಸಿ ನೋಡಿದಳು. ತಲೆ ಕಡೆ ನಿಂತು, "ಕೈ ಎದೆ ಮೇಲೆ ಕಟ್ಕೊಳ್ಳಿ ಅಜ್ಜ. ನನ್ನ ಕತ್ತು ಮಾತ್ರ ಹಿಡೀಬೇಡಿ" ಎಂದಳು. ಅಜ್ಜ ಶಿಸ್ತಾಗಿ ಕೈ ಕಟ್ಟಿದರು.

"ಒಂದು, ಎರಡು, ಹೂಂ."

ಮಂಚ ಬಿಟ್ಟು ಮೇಲೆದ್ದ ಕೂಡಲೇ ಅಜ್ಜನಿಗೆ ಭಯವಾಯಿತು. ಮಗು ತಾಯಿಯನ್ನು ತಬ್ಬುವ ಹಾಗೆ ಎರಡೂ ಕೈಯಿಂದ ಅಕ್ಕನ ಕತ್ತಿಗೆ ಜೋತುಬಿದ್ದರು. ಅವಳು ಕೈ ಬಿಡಬಹುದಿತ್ತು, ಮಂಚ ಇನ್ನೂ ಅವರ ಕೆಳಗೇ ಇತ್ತು. ಬಿಟ್ಟರೆ ಆ ಮುರಿದ ತೊಡೆಯ ಗತಿ ಏನಾಗುತ್ತದೆಂದು ಅವಳಿಗೆ ಗೊತ್ತು. ಬಿಡಲಿಲ್ಲ. ಅರ್ಧ ತಿರುಚಿಕೊಂಡೇ ಅವರನ್ನು ಟ್ರಾಲಿಯವರೆಗೆ ತಂದಳು, ಮೆತ್ತಗೆ ಇಳಿಸಿದಳು, ಕತ್ತಿನಿಂದ ಅವರ ಕೈ ಬಿಡಿಸಿದಳು, ದಿಂಬು ಸರಿ ಮಾಡಿದಳು. ಆಮೇಲೆ ನೆಟ್ಟಗಾಗಲು ನೋಡಿದಳು. ಆಗಲಿಲ್ಲ.

ಸೊಂಟದಿಂದ ಮಡಿಸಿಕೊಂಡು, ನೆಲ ನೋಡುತ್ತ ನಿಂತಳು. ಟವೆಲ್ ಭುಜದಿಂದ ಜಾರಿ ಅವಳ ಪಾದದ ಮೇಲೆ ಬಿತ್ತು. ಅವಳ ಮುಖ ನೋಡಲು ನಾನು ನೆಲದ ಮೇಲೆ ಕುಳಿತೆ.

"ಕಡ್ಡಿ" ಎಂದಳು, "ಟ್ರಾಲಿ ಬ್ರೇಕ್ ತೆಗೀಬೇಡ. ಅಜ್ಜ ಹೆದರಿದ್ದಾರೆ."

ನನಗೆ ಅಳು ಬರಲಿಲ್ಲ. ಅವಳ ತಾಯಿಯನ್ನು ನಾನು ನೋಡಿರಲಿಲ್ಲ, ಅಂದು ನೋಡಿದೆ.

ಡಾಕ್ಟರು ಬಂದರು. ಬೆನ್ನುಮೂಳೆಯ ನಡುವಿನ ಮೆತ್ತೆ ಹೊರಗೆ ಜಾರಿ ಕಾಲಿನ ನರಗಳನ್ನೆಲ್ಲ ಒಟ್ಟಿಗೆ ಅದುಮಿದೆ ಎಂದರು. ಮೂತ್ರ ಬಂದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಕಾಲು ಯಾವಾಗಿನಿಂದ ಜೋಮು ಹಿಡಿಯುತ್ತಿತ್ತು ಎಂದು ಕೇಳಿದರು.

"ಒಂದು ವರ್ಷ ಆಗಿರಬಹುದು ಸರ್."

"ನಮ್ಮ ಎದುರಿಗೇ ಓಡಾಡ್ತಿದ್ರಲ್ಲಮ್ಮಾ, ಒಂದು ಮಾತು ಹೇಳೋದಲ್ವಾ?" ಡಾಕ್ಟರ ದನಿಯೂ ಬಿದ್ದುಹೋಗಿತ್ತು.

ಅಕ್ಕ ನನ್ನ ಕಡೆ ನೋಡಿದಳು. "ನಾನು ರಜ ಹಾಕಿದ್ರೆ ಇವಳು ಒಬ್ಬಳಾಗ್ತಿದ್ಳು ಸರ್. ಇವಳ ಸೊಂಟ ಮೊದಲೇ ನೆಟ್ಟಗಿಲ್ಲ" ಎಂದಳು.

ನಾನು ಅಲ್ಲಿಂದ ಹೊರಗೆ ಹೋಗಿ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ನಿಂತೆ.

ಅಂದೇ ಆಪರೇಷನ್ ಆಯಿತು. ನೋವು ಕಡಿಮೆಯಾಯಿತು, ಕಾಲು ಬರಲಿಲ್ಲ. ಮೂರು ತಿಂಗಳು ಕಾದರು, ಆರು ತಿಂಗಳು ಕಾದರು. ಬಲಗಾಲಿನ ಬೆರಳು ಮಾತ್ರ ಅಲ್ಲಾಡುತ್ತದೆ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಇರುವವಳು ಮಗಳೊಬ್ಬಳೇ. ಅಕ್ಕ ಅವಳನ್ನು ಪುಟ್ಟಿ ಎನ್ನುತ್ತಾಳೆ, ಇಪ್ಪತ್ತನಾಲ್ಕು ತುಂಬಿದರೂ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿಸಿ ಮೂರಕ್ಕೆ ಬರುತ್ತಾಳೆ. ನಾನೂ ಡ್ಯೂಟಿ ಮುಗಿಸಿ ಮೂರಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ. ಮೈ ಒರೆಸಿ, ಬಟ್ಟೆ ಬದಲಿಸಿ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಮತ್ತೆ ಮಲಗಿಸಬೇಕು.

ಮೊದಲ ದಿನವೇ ಅಕ್ಕ ಮಲಗಿದಲ್ಲಿಂದ ಅಧಿಕಾರ ಶುರು ಮಾಡಿದಳು. ಮಂಚದ ನಾಲ್ಕೂ ಕಾಲಿನ ಕೆಳಗೆ ಮೂರು ಮೂರು ಇಟ್ಟಿಗೆ ಇಡಿಸಿದಳು. "ನೀವು ಬಗ್ಗಬಾರದು, ನಾನೇ ಏರ್ತೀನಿ" ಎಂದಳು. ಪುಟ್ಟಿಯನ್ನೂ ನನ್ನನ್ನೂ ಗೋಡೆಗೆ ನಿಲ್ಲಿಸಿ ಮೊಣಕೈ ಅಳೆಸಿದಳು. ಪುಟ್ಟಿ ನನಗಿಂತ ಮೂರು ಬೆರಳು ಗಿಡ್ಡ. ಒಂದು ಮರದ ಹಲಗೆ ತರಿಸಿ, ಅವಳನ್ನು ಅದರ ಮೇಲೆ ಹತ್ತಿಸಿ, ಸಮ ಬಂದ ಮೇಲೆಯೇ ತನ್ನನ್ನು ಮುಟ್ಟಲು ಬಿಟ್ಟಳು.

"ಬ್ರೇಕೇ ಇಲ್ಲದ ಮಂಚಕ್ಕೆ ಬಂದು ಬಿದ್ದೆ ನೋಡು" ಎಂದು ನಕ್ಕಳು.

ಸರದಿಯ ಪ್ರಕಾರ ಟವೆಲ್ ಹಿಡಿದು ನಾನು ತಲೆ ಕಡೆ ಹೋದೆ.

"ನೀನಲ್ಲ" ಎಂದಳು ಅಕ್ಕ. "ನಿನ್ನ ಸೊಂಟ ಆಗಲ್ಲ. ಪುಟ್ಟಿ ಬರಲಿ, ಎಳೇ ಮೈ."

"ಪರವಾಗಿಲ್ಲ ಅಕ್ಕ."

"ಏನು ಪರವಾಗಿಲ್ಲ? ಆರು ವರ್ಷ ಕಾಪಾಡಿದ್ದನ್ನ ಈಗ ಕಳ್ಕೊಳ್ತೀಯಾ?"

ಪುಟ್ಟಿ ಟವೆಲ್ ಭುಜಕ್ಕೆ ಹಾಕಿಕೊಂಡಳು.

ಅಕ್ಕನನ್ನು ನೋಡಲು ವಾರ್ಡಿನವರು ಬರುತ್ತಿದ್ದರು, ಸಿಸ್ಟರ್‌ಗಳು ಬರುತ್ತಿದ್ದರು. ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಕುಳಿತರೆ ಅಕ್ಕನೇ ಅವರಿಗೆ ಸಮಾಧಾನ ಹೇಳುತ್ತಿದ್ದಳು. ನನ್ನ ಕೈ ಹಿಡಿದು, "ನನ್ನದು ಹೋಯ್ತು, ಹೋಗಲಿ. ಇವಳದ್ದು ಉಳೀತಲ್ಲ. ಇಲ್ಲದಿದ್ರೆ ಇಬ್ಬರೂ ಹೀಗೇ ಅಕ್ಕಪಕ್ಕ ಮಲಗಿರ್ತಿದ್ವಿ" ಎನ್ನುತ್ತಿದ್ದಳು. ಎಷ್ಟು ಜನ ಬಂದರೂ ಇದೇ ಮಾತು. ಅಮ್ಮನಿಗೆ ಇನ್ನೊಂದು ಕಡೆ ಹಿಡಿಯುವವರು ಇರಲಿಲ್ಲ, ಕಡ್ಡಿಗೆ ನಾನಿದ್ದೆ ಎನ್ನುತ್ತಿದ್ದಳು. ಆ ಮಾತು ಆಡುವಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಕಾಲು ಹೋದವಳ ಬಳಿ ಉಳಿದಿದ್ದ ಆಸ್ತಿ ಅದೊಂದೇ. ಆಮೇಲೆ ನನ್ನ ಕಡೆ ತಿರುಗಿ, "ಈಗ ಹೇಗಿದೆ?" ಎಂದು ಕೇಳುತ್ತಿದ್ದಳು. ನಾನು ಸೊಂಟದ ಮೇಲೆ ಕೈ ಇಟ್ಟು, "ಒಂದೊಂದ್ಸಲ ಹಿಡ್ಕೊಳ್ಳುತ್ತೆ" ಎನ್ನುತ್ತಿದ್ದೆ. ಮೊದಲು ನನ್ನ ಸುಖಕ್ಕೆ ಹೇಳಿದ ಸುಳ್ಳನ್ನು ಈಗ ಅವಳ ಸಮಾಧಾನಕ್ಕೆ ಹೇಳಬೇಕಾಯಿತು. ಅವಳ ಮನೆಯ ಹೊಸ್ತಿಲು ದಾಟುವ ಮುಂಚೆ ನಾನು ನೋವಿನ ನಡಿಗೆ ಹಾಕಿಕೊಳ್ಳುತ್ತಿದ್ದೆ. ಕುಳಿತು ಏಳುವಾಗ ಅಮ್ಮಾ ಎನ್ನುತ್ತಿದ್ದೆ. ಗಟ್ಟಿಮುಟ್ಟಾದ ಸೊಂಟ ಇಟ್ಟುಕೊಂಡು, ಸೊಂಟ ಹೋದವಳ ಮುಂದೆ ನರಳುವುದು ಎಂಥ ಶಿಕ್ಷೆ ಎಂದು ನನ್ನನ್ನು ಕೇಳಬೇಕು.

ಹೀಗೇ ಒಂದು ವರ್ಷ ನಡೆಯಿತು. ಇದೇ ನನ್ನ ಪಾಲಿನದ್ದು, ಸಾಯುವವರೆಗೂ ನರಳುತ್ತೇನೆ ಎಂದು ನಾನೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಪುಟ್ಟಿ ನನ್ನ ಹಿಂದೆಯೇ ಮನೆಯೊಳಗೆ ಬಂದಳು. ಬಾಗಿಲಲ್ಲಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿಯನ್ನು ತುಳಿದು ತೆಗೆದಳು.

ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಏನು ಚಿಕ್ಕಮ್ಮ?"

"ಸೊಂಟ."

ಅವಳು ತಲೆ ತಗ್ಗಿಸಿದಳು. "ಎರಡು ತಿಂಗಳಾಯ್ತು. ಮೆಷಿನ್ ಮುಂದೆ ಕೂತು ಕೂತು ಹಿಡ್ಕೊಂಡಿರಬೇಕು. ಅಮ್ಮಂಗೆ ಹೇಳ್ಬೇಡಿ. ಮತ್ತೆ ನಿಮ್ಮನ್ನ ತಲೆ ಕಡೆ ಹೋಗು ಅಂತಾರೆ, ನಿಮ್ಮ ಸೊಂಟ ಬೇರೆ ಹಾಗಿದೆ. ನಾನು ಹೇಗೋ ತಡ್ಕೊಳ್ತೀನಿ."

ತಾಯಿಯ ಮಾತು ಮಗಳ ಬಾಯಲ್ಲಿ ಹಾಗೆಯೇ ಬಂತು. ಆರು ವರ್ಷ ತಾಯಿಯ ಸೊಂಟ ತಿಂದಾಗಿತ್ತು. ಈಗ ಮಗಳದ್ದಕ್ಕೆ ಬಾಯಿ ಹಾಕಿದ್ದೆ. ಸುಮ್ಮನಿದ್ದರೆ ಪುಟ್ಟಿ ಹೋಗುತ್ತಾಳೆ. ಹೇಳಿದರೆ ಅಕ್ಕನಿಗೆ ಉಳಿದಿರುವ ಆ ಒಂದು ಸಮಾಧಾನ ಹೋಗುತ್ತದೆ. ಪುಟ್ಟಿಗೆ ಇನ್ನೂ ಇಪ್ಪತ್ತನಾಲ್ಕು. ಯೋಚಿಸುವುದಕ್ಕೆ ಏನೂ ಇರಲಿಲ್ಲ, ಆದರೂ ಕಾಲು ಮುಂದೆ ಹೋಗಲಿಲ್ಲ.

ಕೋಣೆಗೆ ಬಂದು ಮೊಳೆಗೆ ತೂಗುಹಾಕಿದ್ದ ಟವೆಲ್ ತೆಗೆದು ನನ್ನ ಭುಜಕ್ಕೆ ಹಾಕಿಕೊಂಡೆ. ಅಕ್ಕ ಅದನ್ನು ನೋಡಿ, "ಅಯ್ಯೋ, ನೀನ್ಯಾಕೆ?" ಎಂದಳು.

"ಅಕ್ಕ, ನನ್ನ ಸೊಂಟ ಚೆನ್ನಾಗಿದೆ" ಎಂದೆ.

"ಇವತ್ತು ಪರವಾಗಿಲ್ವಾ?"

"ಇವತ್ತಲ್ಲ. ಆವತ್ತೇ ಚೆನ್ನಾಗಿತ್ತು. ಬೀರು ಎಳೆದ ಆರು ವಾರಕ್ಕೇ ಸರಿಹೋಗಿತ್ತು. ನೀವು ಹೇಗಿದೆ ಅಂತ ಕೇಳಿದ್ರಿ. ನಾನು ಸುಳ್ಳು ಹೇಳಿದೆ. ಆಮೇಲೆ ಕೇಳಿದಾಗೆಲ್ಲ ಸುಳ್ಳೇ ಹೇಳಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ನನ್ನ ಸೊಂಟಕ್ಕೆ ಇಳಿಯಿತು, ಅಲ್ಲಿಂದ ಹೊದಿಕೆಯ ಕೆಳಗಿದ್ದ ತನ್ನ ಕಾಲಿಗೆ ಹೋಯಿತು, ಅಲ್ಲೇ ನಿಂತಿತು.

"ಆರು ವಾರಕ್ಕೇನಾ?" ಎಂದಳು.

"ಹೌದು ಅಕ್ಕ."

"ಒಂದು ಸಲಾನೂ ಹಿಡ್ಕೊಳ್ಳಲಿಲ್ವಾ?"

"ಇಲ್ಲ."

ಬೈಯಲಿ ಎಂದು ಕಾದೆ. ಟವೆಲ್ ಸುತ್ತಿ ಹೊಡೆಯಲಿ ಎಂದು ಅದನ್ನು ಭುಜದಿಂದ ತೆಗೆದು ಅವಳ ಕೈಯ ಹತ್ತಿರ ಇಟ್ಟೆ. ಅವಳು ಮುಟ್ಟಲಿಲ್ಲ.

"ಪುಟ್ಟಿ ಸೊಂಟ ಹಿಡ್ಕೊಂಡಿದೆ ಅಕ್ಕ. ಅದಕ್ಕೆ ಹೇಳಿದೆ. ಇಲ್ಲದಿದ್ರೆ ಹೇಳ್ತಿರಲಿಲ್ಲ." ಇದೂ ನಿಜ, ಅದನ್ನೂ ಮುಚ್ಚಿಡಬಾರದು ಎನಿಸಿತು.

ಬಾಗಿಲಲ್ಲಿದ್ದ ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಕ್ಕ ಮಗಳ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ನೀರು ಎರಡೂ ಕಡೆಯಿಂದ ಕಿವಿಯವರೆಗೆ ಹರಿಯಿತು, ಒರೆಸಿಕೊಳ್ಳಲಿಲ್ಲ.

"ನನ್ನ ಗೋಡೆ ಕಡೆ ತಿರುಗಿಸಿ" ಎಂದಳು.

ಅವಳು ತಾನಾಗಿ ಹೊರಳಲಾರಳು. ನನ್ನ ಮುಖ ನೋಡಬಾರದು ಎಂದರೂ ಅದಕ್ಕೆ ನನ್ನದೇ ಕೈ ಬೇಕು. ನಾನು ಟವೆಲ್ ಮತ್ತೆ ಭುಜಕ್ಕೆ ಹಾಕಿಕೊಂಡು ತಲೆ ಕಡೆ ನಿಂತೆ. ಪುಟ್ಟಿ ಕಣ್ಣೊರೆಸಿಕೊಂಡು ಬಂದು ಕಾಲು ಕಡೆ ಹಲಗೆ ಹತ್ತಿದಳು. ಅಕ್ಕನ ಭುಜದ ಕೆಳಗೆ ಕೈ ಹಾಕಿದೆ. ಏಳು ವರ್ಷದ ಮೇಲೆ ತಲೆ ಕಡೆಯ ಭಾರ ನನ್ನ ಕೈಗೆ ಬಂತು. ಎಣಿಸುವುದು ಯಾವಾಗಲೂ ಅವಳೇ. ಕಾದೆ, ಅವಳು ಎಣಿಸಲಿಲ್ಲ.

"ಒಂದು, ಎರಡು" ಎಂದೆ. ಹೂಂ ಅನ್ನುವುದನ್ನು ಅವಳಿಗೇ ಬಿಟ್ಟೆ.

ಕಾಲು ಅಗಲ ಇಟ್ಟು, ಮಂಡಿ ಬಗ್ಗಿಸಿ, ಅವಳನ್ನು ಮೈಗೆ ಒತ್ತಿಕೊಂಡು, ಅವಳು ಕಲಿಸಿದ ಹಾಗೆಯೇ, ಅವಳನ್ನು ನನ್ನಿಂದ ಆಚೆಗೆ ತಿರುಗಿಸಿದೆ. ನನ್ನ ಸೊಂಟಕ್ಕೆ ಏನೂ ಆಗಲಿಲ್ಲ.